‘ಈಗ ಜಳಕ ಬೇಡ’: ಆರೈಕೆಯಲ್ಲಿರುವ ಹಿರಿಯರ ನಿರಾಕರಣೆಯ ಹಕ್ಕು

(ಚಿಂಚೋಳಿ ತಾಲ್ಲೂಕಿನ ಚಂದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮುಪ್ಪಿನ ಮನುಷ್ಯ ಹೇಳುವ ಒಂದು ‘ಬೇಡ’ಕ್ಕೆ ನಮ್ಮ ದೇಶದ ಕಾನೂನು ತಲೆಬಾಗಿದೆ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವುದು ಕೂಡ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದಿತು. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡಬಹುದು ಎಂದಿತು. 2023ರ ಜನವರಿಯಲ್ಲಿ ಆ ಕ್ರಮವನ್ನು ಇನ್ನಷ್ಟು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ವೆಂಟಿಲೇಟರ್ ಬೇಡ ಎಂದು ಬರೆದಿಟ್ಟ ಹಿರಿಯರ ಮಾತನ್ನು ಡಾಕ್ಟರು ಇಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅದೇ ಹಿರಿಯರು ಸಾವಿಗೆ ಮುಂಚಿನ ಐದಾರು ವರ್ಷ ಒಂದು ವೃದ್ಧಾಶ್ರಮದಲ್ಲಿ ಇರುತ್ತಾರೆ ಎನ್ನೋಣ. ನಸುಕಿನಲ್ಲಿ ಎಬ್ಬಿಸಿ ನೀರು ಹಾಕಲು ಬಂದ ಆಯಾಗೆ ‘ಈಗ ಜಳಕ ಬೇಡವ್ವಾ’ ಎನ್ನುತ್ತಾರೆ. ಆ ಮಾತು ಯಾವ ಕಾನೂನಿನಲ್ಲೂ ಬರುವುದಿಲ್ಲ, ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಸಾಯುವ ಹೊತ್ತಿನ ‘ಬೇಡ’ವನ್ನು ಕೇಳಿಸಿಕೊಳ್ಳುವ ವ್ಯವಸ್ಥೆಗೆ ಬದುಕಿರುವ ದಿನಗಳ ‘ಬೇಡ’ ಕೇಳಿಸುವುದಿಲ್ಲ. ಜಳಕ, ಬಟ್ಟೆ, ಕೂದಲು, ಡೈಪರು, ಊಟ ಇವುಗಳ ವಿಷಯದಲ್ಲಿ ಹಿರಿಯರು ಬೇಡ ಎಂದಾಗ ಅಲ್ಲಿಗೇ ನಿಲ್ಲುವುದು ಆರೈಕೆಯ ಮೊದಲ ನಿಯಮವಾಗಬೇಕು ಎಂಬುದು ಇಂದು ನಾನು ನಿಮ್ಮ ಮುಂದಿಡುವ ವಾದ.

ಈ ಮಾತನ್ನು ಬೆಂಗಳೂರಿನಲ್ಲಿ ಆಡಬೇಕಿತ್ತು, ಇಲ್ಲೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಮುಪ್ಪು ನಗರದ ಪ್ರಶ್ನೆ ಮಾತ್ರವಲ್ಲ. 2011ರ ಜನಗಣತಿಯ ಹೊತ್ತಿಗೇ ಭಾರತದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ನಮ್ಮ ಚಿಂಚೋಳಿ ತಾಲ್ಲೂಕಿನ ಊರುಗಳಿಂದ, ತಾಂಡಾಗಳಿಂದ ದುಡಿಯುವ ವಯಸ್ಸಿನವರು ಹೈದರಾಬಾದಿಗೆ, ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ತೊಗರಿಯ ಹೊಲ ಮತ್ತು ಮನೆ ಹಿರಿಯರ ಪಾಲಿಗೆ ಉಳಿಯುತ್ತವೆ. ವಾಡಿ, ಶಹಾಬಾದ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮಕ್ಕಳು ಬಹುಮಟ್ಟಿಗೆ ಊರಲ್ಲಿಲ್ಲ. ಹೀಗಾಗಿ ಮೈ ತೊಳೆಸುವ, ಬಟ್ಟೆ ಬದಲಿಸುವ, ಪಾಯಖಾನೆಗೆ ಕರೆದೊಯ್ಯುವ ಕೆಲಸ ಸೊಸೆಯ ಕೈಯಿಂದ ಸಂಬಳದ ಕೈಗೆ ದಾಟುತ್ತಿದೆ. ಕೆಲವರಿಗೆ ಅದು ವೃದ್ಧಾಶ್ರಮದಲ್ಲಿ ಆಗುತ್ತದೆ, ಕೆಲವರಿಗೆ ಮನೆಗೇ ಬರುವ ಕೇರ್‌ಟೇಕರ್ ಮೂಲಕ. ಕೈ ಬದಲಾಗುವ ಈ ಕಾಲದಲ್ಲಿಯೇ ನಿಯಮ ಗಟ್ಟಿಯಾಗಬೇಕು. ಒಮ್ಮೆ ರೂಢಿ ಬೇರೂರಿದರೆ ಕೀಳುವುದು ಕಷ್ಟ.

ಕಾನೂನು ಎಲ್ಲಿ ಮಾತಾಡಿದೆ, ಎಲ್ಲಿ ಮೌನವಾಗಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಅದರ 19ನೇ ಕಲಮು ರಾಜ್ಯ ಸರ್ಕಾರ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ ಸ್ಥಾಪಿಸಬಹುದು, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರಬೇಕು ಎನ್ನುತ್ತದೆ. ಅಲ್ಲಿನ ಸೇವೆಗಳ ಮಟ್ಟವನ್ನು ರಾಜ್ಯ ಸರ್ಕಾರ ಗೊತ್ತುಪಡಿಸಬಹುದು ಎನ್ನುತ್ತದೆ. ಆದರೆ ಸೇವೆ ಎಂದಾಗ ಆ ಕಲಮು ಹೆಸರಿಸುವುದು ವೈದ್ಯಕೀಯ ಆರೈಕೆ ಮತ್ತು ಮನರಂಜನೆ, ಇವೆರಡನ್ನು ಮಾತ್ರ. ಪೋಷಣೆ ಎಂದರೆ ಊಟ, ಬಟ್ಟೆ, ವಸತಿ, ಚಿಕಿತ್ಸೆ ಎಂದು ಕಾಯ್ದೆ ಹೇಳುತ್ತದೆ. ಊಟ ಕೊಡಬೇಕು ಎಂದಿದೆ, ಊಟ ಬೇಡ ಎಂದರೆ ಏನು ಮಾಡಬೇಕು ಎಂದಿಲ್ಲ. ಬಟ್ಟೆ ಕೊಡಬೇಕು ಎಂದಿದೆ, ಯಾರ ಇಷ್ಟದ ಬಟ್ಟೆ ಎಂದಿಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಮಟ್ಟದ ಮಾತನ್ನು ಎತ್ತಿತ್ತು. ಅದು ಕಾನೂನಾಗಲಿಲ್ಲ.

ಇದರ ಪಕ್ಕದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಇಟ್ಟು ನೋಡಿ. 2018ರ ಮೇ 29ರಿಂದ ಜಾರಿಯಲ್ಲಿರುವ ಆ ಕಾಯ್ದೆಯ 20ನೇ ಕಲಮು, ಮಾನಸಿಕ ಕಾಯಿಲೆ ಇರುವವರ ತಲೆಯನ್ನು ಬಲವಂತವಾಗಿ ಬೋಳಿಸಬಾರದು ಎನ್ನುತ್ತದೆ. ಅವರಿಗೆ ಇಷ್ಟವಿದ್ದರೆ ತಮ್ಮದೇ ಬಟ್ಟೆ ತೊಡಬಹುದು, ಸಮವಸ್ತ್ರ ಹಾಕಿಸಬಾರದು, ಮೈ ಬಯಲಾಗದಂತೆ ಮರ್ಯಾದೆ ಕಾಯಬೇಕು, ಖಾಸಗಿತನ ಕೊಡಬೇಕು ಎಂದು ಒಂದೊಂದಾಗಿ ಬರೆದಿದೆ. ಶಾಸನ ಬರೆದವರಿಗೆ ಮಾನಸಿಕ ಆಸ್ಪತ್ರೆಗಳ ಒಳಗಿನ ಬದುಕು ಗೊತ್ತಿತ್ತು. ಹೇನಾಗುತ್ತದೆ ಎಂಬ ಕಾರಣ ಕೊಟ್ಟು ಹೆಣ್ಣುಮಕ್ಕಳ ತಲೆ ಬೋಳಿಸುವುದು, ಒಗೆಯಲು ಸುಲಭ ಎಂದು ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸುವುದು, ಇವು ಆರೈಕೆಯ ಹೆಸರಿನಲ್ಲೇ ನಡೆಯುತ್ತವೆ ಎಂಬ ಅರಿವಿನಿಂದ ಆ ಸಾಲುಗಳು ಬಂದಿವೆ. ಹಾಗಾದರೆ ಮಾನಸಿಕ ಆಸ್ಪತ್ರೆಯಲ್ಲಿರುವ ಮಹಿಳೆಯ ಕೂದಲಿಗೆ ಇರುವ ರಕ್ಷಣೆ, ಯಾವ ಕಾಯಿಲೆಯೂ ಇಲ್ಲದೆ ಬರೀ ವಯಸ್ಸಾದ ಕಾರಣಕ್ಕೆ ವೃದ್ಧಾಶ್ರಮ ಸೇರಿದ ಮಹಿಳೆಯ ಕೂದಲಿಗೆ ಕಾನೂನಿನ ಅಕ್ಷರದಲ್ಲಿ ಏಕೆ ಇಲ್ಲ? ಈ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಕಾಣುವುದಿಲ್ಲ. ಹಿರಿಯರ ಬಗ್ಗೆ ಕಾನೂನು ಬರೆಯುವಾಗ ನಾವು ಮಕ್ಕಳ ಕರ್ತವ್ಯವನ್ನಷ್ಟೇ ನೋಡಿದೆವು, ಹಿರಿಯರ ಇಚ್ಛೆಯನ್ನು ನೋಡಲಿಲ್ಲ.

ಸಂವಿಧಾನ ಮಾತ್ರ ಇಷ್ಟು ಮೌನವಾಗಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ತನ್ನ ದೇಹದ ಮೇಲಿನ ಅಧಿಕಾರ ಆ ಹಕ್ಕಿನ ತಿರುಳಿನಲ್ಲಿಯೇ ಇದೆ. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಸಲ್ಲಿಸುವಾಗ ಅವರಿಗೆ 86 ವರ್ಷ, ತೀರ್ಪು ಬಂದಾಗ 91. ದೇಶದ ಪ್ರತಿಯೊಬ್ಬರ ಮೈಯ ಮೇಲಿನ ಹಕ್ಕನ್ನು ಗೆದ್ದುಕೊಟ್ಟವರು ತೊಂಬತ್ತು ದಾಟಿದ ಕನ್ನಡಿಗರು. ವಯಸ್ಸಾದವರು ಇಂಥ ಹಕ್ಕು ಕೇಳುವುದಿಲ್ಲ, ಅವರಿಗೆ ಅನ್ನ ನೀರು ಸಿಕ್ಕರೆ ಸಾಕು ಎನ್ನುವವರು ಇದನ್ನು ನೆನಪಿಡಬೇಕು.

ಹಿರಿಯರು ಬೇಡ ಎನ್ನುವುದಕ್ಕೆ ಕಾರಣ ಇರುತ್ತದೆ. ಆ ಕಾರಣ ಹಟಮಾರಿತನ ಎಂದು ಮೊದಲೇ ತೀರ್ಮಾನಿಸುವುದರಿಂದ ಉಳಿದ ಕಾರಣಗಳು ಮುಚ್ಚಿಹೋಗುತ್ತವೆ. ಜೀವಮಾನವೆಲ್ಲ ಹೊಲದಿಂದ ಬಂದು ಸಂಜೆ ಜಳಕ ಮಾಡಿದ ಮೈಗೆ ನಸುಕಿನ ನೀರು ಹಿಂಸೆ. ಕೀಲು ನೋವಿದ್ದವರಿಗೆ ತೋಳೆತ್ತಿಸಿ ಕುಬಸ ತೆಗೆಯುವುದು ನೋವು. ಜಾರಿ ಬಿದ್ದ ಅನುಭವ ಇದ್ದವರಿಗೆ ಒದ್ದೆ ಬಚ್ಚಲೇ ಭಯ. ಇಷ್ಟಲಿಂಗ ಧರಿಸಿದವರ ಶಿವದಾರಕ್ಕೆ ಕೇಳದೆ ಕೈ ಹಾಕಿದರೆ ಅವರು ಕೈ ತಳ್ಳುತ್ತಾರೆ. ಅರವತ್ತು ವರ್ಷ ಗಡ್ಡ ಬಿಟ್ಟ ಮುಸ್ಲಿಂ ಹಿರಿಯರು ರೇಜರು ಕಂಡರೆ ಮುಖ ತಿರುಗಿಸುತ್ತಾರೆ. ಗಂಡಾಳು ಮುಟ್ಟಲು ಬಂದರೆ ಯಾವ ಸಮುದಾಯದ ಹೆಣ್ಣುಮಗಳೂ ಮೈ ಹಿಡಿಯಾಗಿಸಿಕೊಳ್ಳುತ್ತಾಳೆ. ನಮ್ಮ ತಾಂಡಾಗಳ ಹಿರಿಯ ಲಂಬಾಣಿ ಮಹಿಳೆಯರ ಕನ್ನಡಿ ಕೂಡಿಸಿದ ಕಾಂಚಳಿ, ತೋಳಿನ ಬಳೆ, ಕೂದಲಿಗೆ ಕಟ್ಟಿದ ಆಭರಣ ಇವನ್ನೆಲ್ಲ ತೆಗೆಸಿ ಒಂದು ನೈಟಿ ಹಾಕಿದರೆ ಒಗೆಯುವವರಿಗೆ ಅನುಕೂಲ ನಿಜ. ಆದರೆ ಆ ಉಡುಗೆಯಿಲ್ಲದೆ ಅವರು ತಮ್ಮ ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ನಿಂತವರಲ್ಲ. ಇದಕ್ಕೆ ವಿರೋಧ ಬಂದರೆ ಅದನ್ನು ಕಾಯಿಲೆಯ ಲಕ್ಷಣ ಎಂದು ಬರೆದುಕೊಳ್ಳುವುದು ಅನ್ಯಾಯ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಶುಚಿತ್ವದ್ದು. ಬೇಡ ಎಂದರು ಅಂತ ಬಿಟ್ಟರೆ ಹುಣ್ಣಾಗುವುದಿಲ್ಲವೇ, ಸೋಂಕಾಗುವುದಿಲ್ಲವೇ? ಈ ಕಾಳಜಿ ನಿಜವಾದದ್ದು. ಆದರೆ ಇದರ ಬಗ್ಗೆ ಒಳ್ಳೆಯ ಸಾಕ್ಷ್ಯವೂ ಇದೆ. ಅಮೆರಿಕದ 15 ನರ್ಸಿಂಗ್ ಹೋಂಗಳಲ್ಲಿ ಫಿಲಿಪ್ ಸ್ಲೋನ್ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಮರೆವಿನ ಕಾಯಿಲೆ ಇದ್ದು ಜಳಕದ ಹೊತ್ತಿಗೆ ಹೊಡೆಯುವ, ಕಿರುಚುವ ಹಿರಿಯರನ್ನೇ ಆರಿಸಿಕೊಂಡಿತ್ತು. ಒಂದು ಗುಂಪಿಗೆ ಷವರಿನ ಜಳಕವನ್ನೇ ಅವರ ಇಷ್ಟ, ವೇಗ, ಹೊತ್ತು ಕೇಳಿಕೊಂಡು ಮಾಡಿಸಿದರು. ಇನ್ನೊಂದು ಗುಂಪಿಗೆ ಹಾಸಿಗೆಯಲ್ಲಿಯೇ, ಮೈ ಮುಚ್ಚಿದಂತೆಯೇ, ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ಸೋಪಿನ ಬೆಚ್ಚಗಿನ ಟವೆಲಿನಿಂದ ಒರೆಸಿದರು. ಹೊಡೆತ, ಬೈಗುಳದಂಥ ಘಟನೆಗಳು ಮೊದಲ ಗುಂಪಿನಲ್ಲಿ ಶೇ. 53ರಷ್ಟು, ಎರಡನೆಯದರಲ್ಲಿ ಶೇ. 60ರಷ್ಟು ಕಡಿಮೆಯಾದವು. ಚರ್ಮದ ಮೇಲೆ ಸೋಂಕು ತರುವ ರೋಗಾಣುಗಳು ಹೆಚ್ಚಲಿಲ್ಲ. ಅಂದರೆ ಎಷ್ಟೋ ಸಲ ಹಿರಿಯರು ನಿರಾಕರಿಸುವುದು ಶುಚಿತ್ವವನ್ನಲ್ಲ, ನಾವು ಅದಕ್ಕೆ ಹಿಡಿದ ದಾರಿಯನ್ನು. ದಾರಿ ಬದಲಿಸಿದರೆ ಶುಚಿತ್ವವೂ ಉಳಿಯುತ್ತದೆ, ಇಚ್ಛೆಯೂ ಉಳಿಯುತ್ತದೆ. ಮಲದಲ್ಲಿ ಮಲಗಿದವರನ್ನು ಹಾಗೆಯೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ತಡ ಮಾಡಿದರೆ ಚರ್ಮ ಕೀಳುತ್ತದೆ, ಕೀವಾಗುತ್ತದೆ. ಅಂಥಲ್ಲಿ ಎಷ್ಟು ಅಗತ್ಯವೋ ಅಷ್ಟನ್ನೇ, ಮೃದುವಾಗಿ, ಏನು ಮಾಡುತ್ತಿದ್ದೇವೆ ಎಂದು ಹೇಳುತ್ತ ಮಾಡಬೇಕು. ಆದರೆ ವಾರಕ್ಕೆ ಮೂರು ಜಳಕ ಎಂದು ಗೋಡೆಗೆ ಅಂಟಿಸಿದ ಪಟ್ಟಿಗೂ ಈ ತುರ್ತಿಗೂ ಸಂಬಂಧವಿಲ್ಲ. ಪಟ್ಟಿಯ ಕೆಲಸವನ್ನೆಲ್ಲ ತುರ್ತೆಂದು ತೋರಿಸುವುದೇ ಬಲವಂತಕ್ಕೆ ಹೊದಿಸುವ ಮೊದಲ ಹೊದಿಕೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬುದ್ಧಿ ಸ್ಥಿಮಿತದಲ್ಲಿರುವವರ ‘ಬೇಡ’ ಸರಿ, ಮರೆವು ಕವಿದವರ ‘ಬೇಡ’ಕ್ಕೆ ಏನು ಬೆಲೆ? ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೂ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿಯೇ ಉತ್ತರದ ಸುಳಿವಿದೆ. ನೆನಪಿನ ತೀವ್ರ ದೋಷವನ್ನೂ ಒಳಗೊಂಡು ಮಾನಸಿಕ ಕಾಯಿಲೆಯನ್ನು ಆ ಕಾಯ್ದೆ ವಿವರಿಸುತ್ತದೆ. ಅಂಥವರೂ ವಿಷಯವನ್ನು ತಿಳಿಯಬಲ್ಲರಾದರೆ, ಅಥವಾ ಅದರ ಪರಿಣಾಮವನ್ನು ಅರಿಯಬಲ್ಲರಾದರೆ, ಅಥವಾ ತಮ್ಮ ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲರಾದರೆ, ತೀರ್ಮಾನದ ಶಕ್ತಿ ಇದೆ ಎಂದೇ ಭಾವಿಸಬೇಕು ಎನ್ನುತ್ತದೆ. ಒಬ್ಬರ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಅವರಿಗೆ ಶಕ್ತಿ ಇಲ್ಲ ಎನ್ನುವಂತಿಲ್ಲ ಎಂದೂ ಹೇಳುತ್ತದೆ. ಕಾಯ್ದೆಯ ಈ ಮಾತು ಚಿಕಿತ್ಸೆಗೆ ಸಂಬಂಧಿಸಿದ್ದು ನಿಜ. ಮಾತ್ರೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ನಡೆಯಬಲ್ಲೆವಾದರೆ ಮೈ ಮುಟ್ಟುವ ವಿಷಯದಲ್ಲಿ ನಡೆಯಲಾರೆವೇ? ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ತಿಳಿವಳಿಕೆ ಹೋದವರಿಗೂ ನೀರು ತಣ್ಣಗಿದೆ ಎಂಬ ತಿಳಿವಳಿಕೆ ಇದ್ದೇ ಇರುತ್ತದೆ.

ಮಾತೇ ಇಲ್ಲದವರ ಇಚ್ಛೆಯನ್ನು ಓದಬಹುದೇ ಎಂಬುದಕ್ಕೆ ಕನ್ನಡ ನೆಲದ ಒಬ್ಬ ಹೆಣ್ಣುಮಗಳ ಬದುಕೇ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಅಲ್ಲಿಯೇ ಕ್ರೂರ ಹಲ್ಲೆಗೆ ಗುರಿಯಾದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಾಲ್ಕು ದಶಕಕ್ಕೂ ಮಿಗಿಲಾಗಿ ಆ ಆಸ್ಪತ್ರೆಯ ದಾದಿಯರ ಆರೈಕೆಯಲ್ಲಿದ್ದರು. 2011ರ ಮಾರ್ಚ್ 7ರ ಸುಪ್ರೀಂ ಕೋರ್ಟಿನ ತೀರ್ಪನ್ನು ದಯಾಮರಣದ ಪ್ರಶ್ನೆಗಾಗಿಯೇ ಎಲ್ಲರೂ ಓದುತ್ತಾರೆ. ಅದರಲ್ಲಿ ಆಸ್ಪತ್ರೆ ಸಲ್ಲಿಸಿದ ಹೇಳಿಕೆಯ ಒಂದು ವಿವರ ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಊಟ ಒಪ್ಪಿಗೆಯಾದರೆ ಅವರು ಮುಖಭಾವದಿಂದ ತಿಳಿಸುತ್ತಿದ್ದರು, ಮಲಮೂತ್ರಕ್ಕೆ ಹೋಗಬೇಕಾದಾಗ ಸದ್ದು ಮಾಡುತ್ತಿದ್ದರು, ದಾದಿಯರು ಆ ಸದ್ದನ್ನು ಗುರುತಿಸಿ ಕರೆದೊಯ್ಯುತ್ತಿದ್ದರು ಎಂದು ಅದು ಹೇಳಿತು. ಮಾತು ಸಂಪೂರ್ಣ ಹೋದ ಒಬ್ಬರ ಬೇಕು ಬೇಡಗಳನ್ನು ದಿನವೂ ಹತ್ತಿರವಿದ್ದವರು ಓದಬಲ್ಲವರಾಗಿದ್ದರು. ಹೀಗಿರುವಾಗ ಕೈ ತಳ್ಳುವ, ಬಾಯಿ ಬಿಗಿ ಹಿಡಿಯುವ, ಅಳುವ ಹಿರಿಯರು ‘ಏನೂ ಹೇಳುತ್ತಿಲ್ಲ’ ಎಂದು ಯಾರು ಹೇಳಿಯಾರು? ಓದಲು ಬೇಕಾದದ್ದು ಪರಿಚಯ, ಮತ್ತು ಪರಿಚಯವಾಗಲು ಅದೇ ಕೈಗಳು ದಿನವೂ ಇರಬೇಕು.

ಅಲ್ಲಿಂದ ಮೂರನೆಯ ಆಕ್ಷೇಪಕ್ಕೆ ಬರುತ್ತೇವೆ. ಆಳಿಲ್ಲ. ಒಬ್ಬ ಆಯಾ ಹತ್ತಿಪ್ಪತ್ತು ಜನರನ್ನು ನೋಡುವಲ್ಲಿ ‘ಆಮೇಲೆ ಬರ್ತೀನಿ’ ಎನ್ನಲು ಹೊತ್ತು ಎಲ್ಲಿದೆ? ಸಂಸ್ಥೆ ನಡೆಸುವವರು ಹೇಳುವ ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕೊರತೆ ಕಾರಣವಾಗಬಹುದೇ ಹೊರತು ಸಮರ್ಥನೆಯಾಗದು. ಇದನ್ನೂ ನಮ್ಮ ಶಾಸನ ಒಮ್ಮೆ ಒಪ್ಪಿದೆ. ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಮು, ಸಿಬ್ಬಂದಿ ಕಡಿಮೆ ಎಂಬ ಕಾರಣ ಮಾತ್ರಕ್ಕೆ ಯಾರನ್ನೂ ಕಟ್ಟಿಹಾಕಬಾರದು ಎಂದು ನೇರವಾಗಿ ಹೇಳುತ್ತದೆ. ಇಬ್ಬರು ಹಿಡಿದುಕೊಂಡು ಒಬ್ಬರು ನೀರು ಹಾಕುವ ಜಳಕಕ್ಕೆ ಮೂರು ಜನ ಬೇಕು, ಬೇಡ ಎಂದಾಗ ಬಿಟ್ಟು ಸಂಜೆ ಮತ್ತೆ ಕೇಳುವುದಕ್ಕೆ ಒಬ್ಬರು ಸಾಕು ಎಂಬ ಲೆಕ್ಕವೂ ಇದೆ. ಪರಚಿಸಿಕೊಳ್ಳುವವರು, ಒದೆಸಿಕೊಳ್ಳುವವರು, ಬೆನ್ನು ಉಳುಕಿಸಿಕೊಳ್ಳುವವರು ಕಡಿಮೆ ಸಂಬಳದ ಈ ಹೆಣ್ಣುಮಕ್ಕಳೇ. ಬಲವಂತದ ಆಜ್ಞೆ ಮೇಲಿನಿಂದ ಬರುತ್ತದೆ, ಅದರ ಪೆಟ್ಟು ಇವರ ಮೈಮೇಲೆ ಬೀಳುತ್ತದೆ. ಹಿರಿಯರ ‘ಬೇಡ’ವನ್ನು ಒಪ್ಪಿ ಹಿಂದೆ ಸರಿಯಲು ಆಯಾಗೆ ಅಧಿಕಾರ ಕೊಟ್ಟರೆ ಅದು ಅವಳ ರಕ್ಷಣೆಯೂ ಹೌದು. ಇಂದು ಜಳಕ ಮಾಡಿಸದಿದ್ದರೆ ಬೈಸಿಕೊಳ್ಳುವವಳು ಅವಳು. ಬೈಗುಳದ ಹೆದರಿಕೆ ಇರುವವರೆಗೆ ಅವಳಿಂದ ತಾಳ್ಮೆ ಕೇಳುವುದು ತಪ್ಪು.

ನಾಲ್ಕನೆಯ ಆಕ್ಷೇಪವನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ನಾನೇ ಎತ್ತುತ್ತೇನೆ, ಏಕೆಂದರೆ ಕಲ್ಯಾಣದ ನೆಲದಲ್ಲಿ ನಿಂತು ಇದನ್ನು ಬಿಟ್ಟು ಮಾತಾಡಿದರೆ ಅದು ಅಪ್ರಾಮಾಣಿಕ. ಮೈ ಮುಟ್ಟಬೇಡ ಎನ್ನುವ ಹಕ್ಕು ನಮ್ಮ ಸಮಾಜದಲ್ಲಿ ಬಹಳ ಹಳೆಯದು, ಮತ್ತು ಬಹಳ ಹೊಲಸಾದದ್ದು. ಆರೈಕೆಯ ಕೆಲಸಕ್ಕೆ ಬರುವವರಲ್ಲಿ ದಲಿತ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಒಬ್ಬ ಹಿರಿಯರು ‘ಇವಳು ಮುಟ್ಟುವುದು ಬೇಡ’ ಎಂದಾಗ ಅದು ದೇಹದ ಹಕ್ಕೋ, ಜಾತಿಯ ಅಹಂಕಾರವೋ? ನಿರಾಕರಣೆಯ ಹಕ್ಕನ್ನು ಎತ್ತಿ ಹಿಡಿಯುತ್ತ ಅಸ್ಪೃಶ್ಯತೆಗೆ ನಾವು ಹೊಸ ಬಾಗಿಲು ತೆರೆಯುತ್ತಿದ್ದೇವೆಯೇ? ನನ್ನ ಉತ್ತರ ಇದು. ಹಿರಿಯರಿಗೆ ಇರುವುದು ಒಂದು ಕ್ರಿಯೆಯನ್ನು ಬೇಡ ಎನ್ನುವ ಹಕ್ಕು. ಕೆಲಸದವರ ಜಾತಿಯನ್ನು ಆರಿಸುವ ಹಕ್ಕು ಯಾರಿಗೂ ಇಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಬಾರದು ಎಂದಿದೆ. ವೃದ್ಧಾಶ್ರಮದ ಬಚ್ಚಲಿಗೆ ಅದರಿಂದ ವಿನಾಯಿತಿ ಇಲ್ಲ. ಹೆಣ್ಣಿಗೆ ಹೆಣ್ಣಾಳೇ ಬೇಕು ಎಂಬ ಕೋರಿಕೆಯನ್ನು ಸಂಸ್ಥೆ ನಡೆಸಿಕೊಡಬೇಕು, ಅದರ ಹಿಂದೆ ಇರುವುದು ಲಜ್ಜೆ ಮತ್ತು ಭಯ. ಜಾತಿಯ ಕೋರಿಕೆಯನ್ನು ನಡೆಸಿಕೊಡಬಾರದು, ಅದಕ್ಕಾಗಿ ಪಾಳಿ ಬದಲಿಸಬಾರದು, ಆ ಆಯಾಳನ್ನು ಬೇರೆ ಕೋಣೆಗೆ ಕಳಿಸಬಾರದು. ಹಾಗೆಂದು ಆ ಹಿರಿಯರನ್ನು ಹಿಡಿದು ತೊಳೆಯಲೂ ಬಾರದು. ತಾವೇ ತೊಳೆದುಕೊಳ್ಳುವಷ್ಟು ಶಕ್ತಿ ಇದ್ದರೆ ನೀರು, ಸೋಪು, ಟವೆಲು ಇಟ್ಟು ಬರಬೇಕು. ಶಕ್ತಿ ಇಲ್ಲದಿದ್ದರೆ ಇವತ್ತು ಪಾಳಿಯಲ್ಲಿ ಇರುವವರು ಇವರೇ ಎಂದು ಮೇಲ್ವಿಚಾರಕರು ಬಂದು ಹೇಳಬೇಕು. ಆ ಮಾತನ್ನು ಹೇಳುವ ಭಾರ ಅವಮಾನಕ್ಕೆ ಗುರಿಯಾದ ಹೆಣ್ಣುಮಗಳ ಮೇಲೆ ಬೀಳಬಾರದು. ಎರಡು ಘನತೆಗಳು ಎದುರುಬದುರಾದಾಗ ಒಂದನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸಬೇಕಿಲ್ಲ. ಆದರೆ ಇಲ್ಲಿ ಸಂಕಟವೇ ಇಲ್ಲ ಎಂದು ನಾನು ಹೇಳಲಾರೆ. ಕೆಲವು ದಿನ ಆ ಹಿರಿಯರು ಕೊಳೆಯಲ್ಲಿಯೇ ಕೂರಬಹುದು. ಆ ಕೊಳೆ ಅವರ ಆಯ್ಕೆ, ಅದಕ್ಕೆ ಆಯಾ ಹೊಣೆಯಲ್ಲ.

ಕೊನೆಯದು ಕುಟುಂಬದವರ ಆಕ್ಷೇಪ. ತಿಂಗಳ ಹಣ ಕಟ್ಟುವ ಮಗ ಭೇಟಿಗೆ ಬಂದಾಗ ಅಪ್ಪನ ಗಡ್ಡ ಬೆಳೆದಿದ್ದರೆ, ಅವ್ವನ ಸೀರೆ ನಿನ್ನೆಯದೇ ಆಗಿದ್ದರೆ ಜಗಳವಾಡುತ್ತಾನೆ. ಸಂಸ್ಥೆ ಮಗನನ್ನು ಮೆಚ್ಚಿಸಲು ಅಪ್ಪನನ್ನು ಹಿಡಿದು ಬೋಳಿಸುತ್ತದೆ. ಸೇವೆ ನಮ್ಮ ಪರಂಪರೆ, ಹಿರಿಯರ ಸೇವೆಯಲ್ಲಿ ಕೇಳುವುದೇನು ಹೇಳುವುದೇನು ಎಂಬ ವಾದವೂ ಬರುತ್ತದೆ. ಕಲಬುರಗಿಯ ಶರಣಬಸವೇಶ್ವರರ ಹೆಸರಿನೊಂದಿಗೆ ಬೆಸೆದಿರುವ ದಾಸೋಹದ ನೆಲ ಇದು. ದಾಸೋಹದಲ್ಲಿ ಬಂದವರು ದೊಡ್ಡವರು, ನೀಡುವವರು ಕಿರಿಯರು. ಉಣ್ಣಲು ಕುಳಿತವರನ್ನು ಸಾಕೇ, ಬೇಕೇ ಎಂದು ಕೇಳಿಯೇ ಬಡಿಸುತ್ತಾರೆ. ಬಾಯಿ ಬಿಡಿಸಿ ತುರುಕಿದರೆ ಅದನ್ನು ಯಾರೂ ದಾಸೋಹ ಎನ್ನುವುದಿಲ್ಲ. ಸೇವೆಯ ಹೆಸರು ಹೇಳುವವರು ಆ ಅಳತೆಯಿಂದಲೇ ತಮ್ಮ ಆಶ್ರಮವನ್ನು ಅಳೆದುಕೊಳ್ಳಲಿ. ಇನ್ನು ಹಣ ಕಟ್ಟುವ ಮಕ್ಕಳಿಗೆ ಒಂದು ಮಾತು. ‘ಬೇಡ’ ಎಂಬುದಕ್ಕೆ ಬೆಲೆಯೇ ಇಲ್ಲದ ಮನೆಯಲ್ಲಿ ‘ನನಗೆ ಹೊಡೆದರು’ ಎಂಬುದಕ್ಕೂ ಬೆಲೆ ಇರುವುದಿಲ್ಲ. ದಿನವೂ ಕೈ ತಳ್ಳಿದರೂ ಯಾರೂ ನಿಲ್ಲದ ಕಡೆ, ಕೆಟ್ಟ ಉದ್ದೇಶದ ಕೈಯನ್ನು ತಳ್ಳಿದಾಗಲೂ ಯಾರೂ ನಿಲ್ಲುವುದಿಲ್ಲ. ನಿಮ್ಮ ತಂದೆತಾಯಿ ಅಲ್ಲಿ ಸುರಕ್ಷಿತರೇ ಎಂದು ತಿಳಿಯಬೇಕಾದರೆ ಅವರ ಬಟ್ಟೆ ಎಷ್ಟು ಬಿಳಿಯಿದೆ ಎಂದು ನೋಡುವುದಕ್ಕಿಂತ, ಈ ತಿಂಗಳು ಅವರು ಯಾವುದಕ್ಕೆಲ್ಲ ಬೇಡ ಎಂದರು, ಆಗ ನೀವೇನು ಮಾಡಿದಿರಿ ಎಂದು ಮೇಲ್ವಿಚಾರಕರನ್ನು ಕೇಳಿ. ಉತ್ತರವಿಲ್ಲದಿದ್ದರೆ ಎಚ್ಚರ ವಹಿಸಿ.

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಕಟ್ಟಡ, ದೊಡ್ಡ ಅನುದಾನ ಇದಕ್ಕೆ ಬೇಕಿಲ್ಲ. ಆಶ್ರಮಕ್ಕೆ ಸೇರಿಸಿಕೊಳ್ಳುವ ದಿನವೇ ಜಳಕದ ಹೊತ್ತು, ನೀರಿನ ಬಿಸಿ, ಉಡುಗೆ, ಕೂದಲು, ಗಡ್ಡ, ಪೂಜೆ ನಮಾಜು, ಮುಟ್ಟುವವರು ಹೆಣ್ಣೋ ಗಂಡೋ ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ಮರೆವು ಮುಂದೆ ಹೆಚ್ಚಾದರೂ ಆ ಹಾಳೆ ಅವರ ಪರವಾಗಿ ಮಾತಾಡುತ್ತದೆ. ‘ಮುತ್ಯಾ, ಈಗ ಜಳಕ ಮಾಡ್ತೀರೇನು, ಹೊತ್ತು ಮುಳುಗೋ ಮುಂದ ಮಾಡ್ತೀರೇನು?’ ಎಂದು ಕೇಳುವುದನ್ನು ತರಬೇತಿಯಲ್ಲಿ ಕಲಿಸಬೇಕು. ಬೇಡ ಎಂದದ್ದನ್ನೂ, ಮತ್ತೆ ಯಾವಾಗ ಹೇಗೆ ಕೇಳಿದರು ಎಂಬುದನ್ನೂ ದಿನದ ರಿಜಿಸ್ಟರಿನಲ್ಲಿ ಬರೆಯಬೇಕು. ತುರ್ತಿಗಾಗಿ ಬೇಡ ಎಂದ ಮೇಲೂ ಮುಟ್ಟಬೇಕಾಗಿ ಬಂದರೆ ಕಾರಣ ಮತ್ತು ಮಾಡಿದವರ ಹೆಸರು ಬರೆಯಬೇಕು. ತಪಾಸಣೆಗೆ ಬರುವ ಅಧಿಕಾರಿ ಅಡುಗೆಮನೆ ನೋಡುವ ಹಾಗೆ ಈ ಪುಟಗಳನ್ನೂ ನೋಡಬೇಕು. ಯಾವ ‘ಬೇಡ’ವೂ ದಾಖಲಾಗದ ರಿಜಿಸ್ಟರು ಸಂತೃಪ್ತಿಯ ಗುರುತಲ್ಲವೆಂದು ಅವರಿಗೆ ತಿಳಿದಿರಬೇಕು. ಇದಕ್ಕಾಗಿ ಸಂಸತ್ತಿನ ತಿದ್ದುಪಡಿಯನ್ನು ಕಾಯಬೇಕಿಲ್ಲ. ವೃದ್ಧಾಶ್ರಮಗಳ ನಿರ್ವಹಣೆ ಮತ್ತು ಸೇವೆಯ ಮಟ್ಟದ ಬಗ್ಗೆ ನಿಯಮ ರಚಿಸುವ ಅಧಿಕಾರವನ್ನು 2007ರ ಕಾಯ್ದೆಯ 32ನೇ ಕಲಮು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ನಮ್ಮ ಶಾಸಕರು, ಜಿಲ್ಲಾಡಳಿತ, ಹಿರಿಯ ನಾಗರಿಕರ ಸಂಘಗಳು ಒಂದು ಮನವಿ ಬರೆದು ಬೆಂಗಳೂರಿಗೆ ಕಳಿಸಲು ಚಂದಾಪುರದಿಂದಲೇ ಆರಂಭಿಸಬಹುದು.